ಸನ್ನೆ ಭಾಷೆ ಇಂಟರ್‌ಪ್ರಿಟರ್‌ಗೆ ಸರ್ಟಿಫಿಕೇಟ್ ಬೇಕೇ ಬೇಕಾ?

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಅಪ್ಪ ಅಮ್ಮ ಇಬ್ಬರೂ ಕಿವುಡರು. ಮಾತು ಬರುವ ಮೊದಲೇ ನನಗೆ ಸನ್ನೆ ಭಾಷೆ ಬಂತು. ಆಸ್ಪತ್ರೆ, ಬ್ಯಾಂಕು ಎಲ್ಲಾ ಕಡೆ ಅವರಿಗೆ ನಾನೇ ಇಂಟರ್‌ಪ್ರಿಟರ್. ಈಗ ಇದನ್ನೇ ವೃತ್ತಿ ಮಾಡಿಕೊಳ್ಳಬೇಕು ಅಂತಿದ್ದೇನೆ. ನನ್ನಂಥವರೂ ಪರೀಕ್ಷೆ ಬರೆದು ಸರ್ಟಿಫಿಕೇಟ್ ತಗೊಳ್ಳಬೇಕಾ?

ಉತ್ತರ: ತಗೊಳ್ಳಲೇಬೇಕು. ನಿಮ್ಮ ಭಾಷೆಯ ಬಗ್ಗೆ ನನಗೆ ಅನುಮಾನವಿಲ್ಲ. ಕೋರ್ಸ್ ಮಾಡಿದವರಿಗೆ ನಿಮ್ಮಷ್ಟು ಸಲೀಸಾಗಿ ಕೈ ಓಡಲು ವರ್ಷಗಳೇ ಬೇಕು. ಆದರೆ ಭಾಷೆ ಬರುವುದು ಬೇರೆ, ಇಬ್ಬರ ನಡುವೆ ನಿಂತು ಅದನ್ನು ದಾಟಿಸುವುದು ಬೇರೆ.

ಪೊಲೀಸರು ವಿಚಾರಣೆ ಮಾಡುತ್ತಿದ್ದಾರೆ ಅಂದುಕೊಳ್ಳಿ. ನೀವು ಸನ್ನೆ ಮಾಡುತ್ತಿರುವಾಗಲೇ ಎದುರಿನವರು ತಲೆ ಆಡಿಸುತ್ತಾರೆ. 'ಗೊತ್ತಾಗುತ್ತಿದೆ, ಮುಂದೆ ಹೇಳಿ' ಅಂತ ಅಷ್ಟೇ. ತರಬೇತಿ ಇಲ್ಲದವರು ಅದನ್ನೇ 'ಹೌದು' ಅಂದುಬಿಟ್ಟರೆ? ಹೇಳಿಕೆಯಲ್ಲಿ ತಪ್ಪು ಒಪ್ಪಿಕೊಂಡ ಹಾಗೆ ದಾಖಲಾಗುತ್ತದೆ. ಅಧಿಕಾರಿಗೆ ಸನ್ನೆ ಗೊತ್ತಿಲ್ಲ. ನೀವು ಬಾಯಲ್ಲಿ ಏನಂದಿರಿ ಅಂತ ಕಿವುಡರಿಗೆ ಕೇಳಿಸುವುದಿಲ್ಲ. ತಪ್ಪು ಹಿಡಿಯುವವರು ಆ ಕೋಣೆಯಲ್ಲಿ ಯಾರೂ ಇಲ್ಲ. ಅದಕ್ಕೇ, ಒಳಗೆ ಹೋಗುವ ಮೊದಲೇ ನಿಮ್ಮನ್ನು ಯಾರಾದರೂ ಪರೀಕ್ಷಿಸಿರಬೇಕು.

2013ರಲ್ಲಿ ನೆಲ್ಸನ್ ಮಂಡೇಲಾ ಅವರ ಸ್ಮರಣ ಸಭೆಯಲ್ಲಿ ಆದದ್ದು ನೆನಪಿರಬಹುದು. ವೇದಿಕೆಯಲ್ಲಿ ದೇಶ ದೇಶಗಳ ನಾಯಕರಿದ್ದರು. ಪಕ್ಕದಲ್ಲಿ ನಿಂತವರ ಸನ್ನೆಗೆ ಅರ್ಥವೇ ಇರಲಿಲ್ಲ. ಅದನ್ನು ಕಂಡುಹಿಡಿದು ಹೇಳಿದವರು ಟಿವಿ ನೋಡುತ್ತಿದ್ದ ಕಿವುಡರು. ಅಲ್ಲಿನ ಕಿವುಡ ಸಂಸದೆಯೊಬ್ಬರೂ ಅವರಲ್ಲಿದ್ದರು. ಇಡೀ ಜಗತ್ತು ನೋಡುವ ಕಡೆಯೇ ಹೀಗಾದರೆ, ಬಾಗಿಲು ಹಾಕಿದ ಕೋಣೆಯ ಗತಿ ಏನು?

ಇನ್ನೊಂದು ಮಾತು. ಮನೆಯವರಿಗೆ ಅಂದಾಗ ಡಾಕ್ಟರ್ ಹೇಳಿದ ಕೆಟ್ಟ ಸುದ್ದಿಯನ್ನು ಸ್ವಲ್ಪ ಮೆತ್ತಗೆ ಮಾಡಿ ಹೇಳುತ್ತೇವೆ, ಅಲ್ವಾ? ಅದು ಪ್ರೀತಿಯೇ. ಆದರೆ ಪೂರ್ತಿ ವಿಷಯ ತಿಳಿಯುವ ಹಕ್ಕು ರೋಗಿಯದ್ದು. ಸೇರಿಸಬಾರದು, ಬಿಡಬಾರದು, ಕೇಳಿದ್ದನ್ನು ಹೊರಗೆ ಆಡಬಾರದು. ಇದೆಲ್ಲ ಮನೆಯಲ್ಲಿ ತಾನಾಗಿಯೇ ಬರುವುದಿಲ್ಲ.

ಇನ್ನೊಬ್ಬ ಸದಸ್ಯರು: ಸರ್ಟಿಫಿಕೇಟ್ ಇರುವವರೇ ಕಡಿಮೆ. ಕಡ್ಡಾಯ ಮಾಡಿದರೆ ಕಿವುಡರಿಗೆ ಯಾರೂ ಸಿಗುವುದಿಲ್ಲವಲ್ಲ?

ಉತ್ತರ: ರಾತ್ರೋರಾತ್ರಿ ಮಾಡಿದರೆ ಹಾಗೇ ಆಗುತ್ತದೆ, ಒಪ್ಪುತ್ತೇನೆ. ಮೊದಲು ಕೋರ್ಟು, ಪೊಲೀಸ್ ಠಾಣೆ, ಆಸ್ಪತ್ರೆಗಳಲ್ಲಿ ಶುರು ಮಾಡಲಿ. ಬ್ರಿಟನ್ನಿನಲ್ಲಿ ಇನ್ನೂ ಕಲಿಯುತ್ತಿರುವವರೂ ಟ್ರೈನಿ ಅಂತ ಹೆಸರು ನೋಂದಾಯಿಸಿಕೊಂಡು ಕೆಲಸ ಮಾಡಬಹುದು. ನನಗೆ ಈ ದಾರಿ ಸರಿ ಅನಿಸುತ್ತದೆ. ಅಮೆರಿಕದಲ್ಲೂ ಇಂಟರ್‌ಪ್ರಿಟರ್‌ಗಳ ಸಂಘ ಹುಟ್ಟಿದ್ದು 1964ರಲ್ಲಿ. ಸರ್ಟಿಫಿಕೇಟ್ ಬಂದದ್ದು ಅದಾಗಿ ಕೆಲವು ವರ್ಷಗಳ ಮೇಲೆ.

ಮತ್ತೊಬ್ಬ ಸದಸ್ಯರು: ನಾನು ಕಿವುಡ. ಸರ್ಟಿಫಿಕೇಟ್ ಇದ್ದವರ ಸನ್ನೆಯೂ ನನಗೆ ಎಷ್ಟೋ ಸಲ ಅರ್ಥವಾಗಿಲ್ಲ. ಸುಮ್ನೆ ಒಂದು ಕಾಗದ ನಂಬುವುದು ಹೇಗೆ?

ಉತ್ತರ: ಸರ್, ನಿಮ್ಮ ಮಾತು ಎಲ್ಲಕ್ಕಿಂತ ಮುಖ್ಯ. ಪರೀಕ್ಷೆ ಮಾಡುವವರಲ್ಲಿ ಕಿವುಡರು ಇರಲೇಬೇಕು. ಕೇಳಿಸುವವರೇ ಕೂತು ಅಂಕ ಹಾಕಿದರೆ ಆ ಸರ್ಟಿಫಿಕೇಟಿಗೆ ಬೆಲೆ ಇಲ್ಲ. ಒಂದು ಸಲ ಪಾಸಾದರೆ ಜೀವನಪೂರ್ತಿ ಅನ್ನುವುದೂ ಬೇಡ. ಆಸ್ಟ್ರೇಲಿಯಾದಲ್ಲಿ ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು, ಕೆಲಸ ಮಾಡಿದ್ದಕ್ಕೂ ಹೊಸದು ಕಲಿತದ್ದಕ್ಕೂ ಲೆಕ್ಕ ಕೊಡಬೇಕು.

ಕೆಲಸ ಶುರುವಾಗುವ ಮೊದಲು ಇಂಟರ್‌ಪ್ರಿಟರ್ ಜೊತೆ ಸ್ವಲ್ಪ ಹೊತ್ತು ಮಾತಾಡಿ ನೋಡಿ. ಹೊಂದದಿದ್ದರೆ ಬೇರೆಯವರು ಬೇಕು ಅನ್ನಿ, ಸಂಕೋಚ ಬೇಡ. ದೂರು ಕೊಡುವಾಗಲೂ ಬರೆದೇ ಕೊಡಿ ಅಂತ ಯಾರೂ ಹಟ ಮಾಡಬಾರದು. ನೀವು ಸನ್ನೆಯಲ್ಲಿ ಹೇಳಿದ ವಿಡಿಯೋವನ್ನೂ ದೂರು ಅಂತಲೇ ತಗೊಳ್ಳಬೇಕು.