ಕೈಯಲ್ಲೇ ಮಾಡಿದ ಪ್ರೊಟೊಟೈಪ್ ಗಿಟಾರ್ ಮಾರಬೇಕು ಅಂತಿದೀನಿ, ಅನುಭವ ಇದ್ದವರು ಹೇಳಿ

ಆರನೇ ತಂತಿ
ಒಬ್ಬ ಲೂಥಿಯರ್ (ಕೈಯಲ್ಲೇ ಗಿಟಾರ್ ಮಾಡೋರು) ಹೊಸ ಮಾಡೆಲ್ ಹೊರಗೆ ಬಿಡೋಕೆ ಮುಂಚೆ ಪ್ರಯೋಗಕ್ಕೆ ಅಂತ ಮಾಡಿದ ಎಲೆಕ್ಟ್ರಿಕ್ ಗಿಟಾರ್ ನನ್ನ ಹತ್ರ ಇದೆ. ಸೀರಿಯಲ್ ನಂಬರ್ ಇಲ್ಲ. ನೆಕ್ (ಉದ್ದ ಹಿಡಿ) ಬಿಚ್ಚಿದ್ರೆ ಅದು ಕೂರೋ ಪಾಕೆಟ್ ಒಳಗೆ ಪೆನ್ಸಿಲ್‌ನಲ್ಲಿ ಬರೆದ ಅಳತೆಗಳಿವೆ, ಒಂದನ್ನ ಹೊಡೆದುಹಾಕಿ ಪಕ್ಕದಲ್ಲಿ ತಿದ್ದಿದ್ದಾರೆ. ಭುಜದ ನೋವು, ಅಷ್ಟು ತೂಕ ಹಾಕ್ಕೊಂಡು ನಿಲ್ಲೋಕೆ ಆಗ್ತಿಲ್ಲ. ಮಾಡಿದವರನ್ನೇ ಮೊದಲು ಕೇಳಬೇಕಾ? ಪಿಕಪ್ (ತಂತಿಯ ಅದುರು ಹಿಡಿಯೋ ಭಾಗ) ಬದಲಾಯಿಸಿದೀನಿ, ಹಳೇದನ್ನೇ ವಾಪಸ್ ಹಾಕಿ ಕೊಡಬೇಕಾ?

ಹಳೇ ಫ್ರೆಟ್
ನಾನು ಮಾರಿದೀನಿ, ಅದಕ್ಕೇ ಬರೀತಿದೀನಿ. ನನ್ನದು ಸೆಟ್ ನೆಕ್, ಅಂದ್ರೆ ನೆಕ್ ಬಾಡಿಗೆ ಅಂಟಿಸಿದ್ದು. ಸ್ಕೇಲ್ (ತಂತಿ ಅದುರೋ ಉದ್ದ) ಗಿಬ್ಸನ್ ಕಂಪನಿಯ 24.75 ಇಂಚೂ ಅಲ್ಲ, ಫೆಂಡರಿನ 25.5 ಇಂಚೂ ಅಲ್ಲ, ನಡುವೆ ಎಲ್ಲೋ. ನಾದ ಅದ್ಭುತ. ಆದ್ರೆ ಬ್ರಿಡ್ಜಿನ ಒಂದು ಸ್ಯಾಡಲ್ (ತಂತಿ ಕೂರೋ ತುಂಡು) ಸವೆದಾಗ ಶುರುವಾಯ್ತು ನೋಡಿ. ರೆಡಿಮೇಡ್ ಯಾವ ಬ್ರಿಡ್ಜಿನ ತಂತಿ ಅಂತರವೂ ಹೊಂದಲಿಲ್ಲ. ಲೇತ್ ಕೆಲಸದವರ ಹತ್ರ ಹಿತ್ತಾಳೆಯಲ್ಲಿ ಮಾಡಿಸಿದೆ. ಮೊದಲು ಬಂದದ್ದು ಎತ್ತರ ಜಾಸ್ತಿ, ಆಮೇಲೆ ಬಂದದ್ದರ ಸ್ಕ್ರೂ ಮರೆಯೇ ಬೇರೆ, ಎರಡಕ್ಕೂ ದುಡ್ಡು ಕೊಟ್ಟೆ. ನೆಕ್ ಬಾಗು ಸರಿ ಮಾಡೋ ಟ್ರಸ್ ರಾಡಿನ ನಟ್ಟು ಬಾಡಿ ಕಡೆ, ನೆಕ್ ಪಿಕಪ್ಪಿನ ಕೆಳಗೆ. ಕಾಲು ಸುತ್ತು ತಿರುಗಿಸಬೇಕು ಅಂದ್ರೆ ತಂತಿ ಸಡಿಲಿಸು, ಪಿಕಪ್ ಎತ್ತು, ತಿರುಗಿಸು, ಮತ್ತೆ ಎಲ್ಲ ಕೂರಿಸಿ ಶ್ರುತಿ ಮಾಡಿ ನೋಡು. ಸರಿ ಹೋಗದಿದ್ರೆ ಮತ್ತೆ ಮೊದಲಿಂದ. ರೀಫ್ರೆಟ್‌ಗೆ (ಹೊಸ ಫ್ರೆಟ್ ಹಾಕಿಸೋಕೆ) ಕೊಟ್ರೆ, ಫ್ರೆಟ್‌ಬೋರ್ಡ್ ಕೈಯಲ್ಲಿ ಉಜ್ಜಿದ್ದು, ರೇಡಿಯಸ್ (ಅದರ ಉಬ್ಬು) ಒಂದೇ ಸಮ ಇಲ್ಲ, ಮೊದಲು ಅದನ್ನ ಸಮ ಮಾಡೋಕೆ ಬೇರೆ ಬಿಲ್. ಎಲ್ಲ ಕೂಡಿದ್ರೆ ಒಂದು ಹೊಸ ಫ್ಯಾಕ್ಟರಿ ಗಿಟಾರೇ ಬರ್ತಿತ್ತು. ಮಾರುವಾಗ ಆ ಖರ್ಚಿಗೆಲ್ಲ ಕವಡೆ ಕಿಮ್ಮತ್ತಿಲ್ಲ.

ಮಾಡಿದವರಿಗೇ ಮೊದಲು ಹೇಳಿದೆ, ಬೇಡ ಅಂದ್ರು. ತಗೊಂಡ ಪುಣ್ಯಾತ್ಮ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಪೂರ್ತಿ ಉಜ್ಜಿ ತೆಗೆದು, ಹಂಬಕರ್ ಅನ್ನೋ ದೊಡ್ಡ ಪಿಕಪ್ ಕೂರಿಸೋಕೆ ಬಾಡಿ ಕೊರೆಸಿದ. ಫೋಟೊ ನೋಡಿ ಊಟ ಸೇರಲಿಲ್ಲ. ಆದ್ರೂ ಮಾರಿದ್ದು ಸರಿ ಅಂತಲೇ ಹೇಳ್ತೀನಿ.

ಗಟ್ಟಿ ಕಟ್ಟಿಗಿ
ಸರಿ ಅಂತ ಹೆಂಗ ಹೇಳ್ತೀರಿ ಸರ್? ಕೊರದು ಹಾಳ ಮಾಡಿದ್ದು ನೀವ ನೋಡೀರಿ! ನಾನಂತೂ ನಂದು ಮಾರಿಲ್ಲ, ಮಾರೂದೂ ಇಲ್ಲ. ಕ್ವೀನ್ ಬ್ಯಾಂಡಿನ ಬ್ರಯಾನ್ ಮೇ 1963ರಾಗ ತಮ್ಮ ಅಪ್ಪನ ಕೂಡ ರೆಡ್ ಸ್ಪೆಷಲ್ ಗಿಟಾರ್ ಮಾಡಾಕ ಶುರು ಮಾಡಿದ್ರು. ನೆಕ್ಕಿಗೆ ಹಳೇ ಬೆಂಕಿಗೂಡಿನ ಕಟ್ಟಿಗಿ, ಶ್ರುತಿ ಏರಿಳಿಸೂ ಟ್ರೆಮೊಲೊಕ್ಕ ಮೋಟಾರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗ್. ಅದಕ್ಕ ಯಾವ ಬಿಡಿಭಾಗ ರೆಡಿಮೇಡ್ ಸಿಗತಿತ್ತು? ಕೊಟ್ಟರೇನು ಅವರು?

ನಂದರಾಗ ನೆಕ್ಕಿಂದ ಕಾಟ. ತೇವ ಏರಿತು ಅಂದ್ರ ಹಿಂದಕ್ಕ ಬಾಗತೈತಿ, ಒಂದನೇ ಫ್ರೆಟ್ಟಿನ ಹತ್ರ ತಂತಿ ಝರ್ ಅಂತಾವ. ಮೀಟರ್ ಇಟ್ಟು ರೂಮಿನ ತೇವ 45ರಿಂದ 55 ಪರ್ಸೆಂಟ್ ಒಳಗ ಇರೂಹಂಗ ನೋಡ್ಕೋತೀನಿ. ತೇವ ತಗಿಯೂ ಮಷಿನ್ನಿನ ಕರೆಂಟ್ ಬಿಲ್ಲು ನಾನ ಕಟ್ತೀನಿ, ಯಾರ ಮುಂದೂ ಅತ್ತಿಲ್ಲ. ಆ ಕಟ್ಟಿಗಿ ನಾದ ಬ್ಯಾರೆ ಕಡೆ ಸಿಗೂದಿಲ್ಲ.

ಬೆಸುಗೆ
ಕಟ್ಟಿಗೆ ಕಟ್ಟಿಗೆ ಅಂತ ಎಷ್ಟು ದಿನ ಹೇಳ್ತೀರಿ? ಎಲೆಕ್ಟ್ರಿಕ್‌ನಲ್ಲಿ ತಂತಿಯ ಅದುರು ಹಿಡಿಯೋದು ಪಿಕಪ್. ನನ್ನ ಪ್ರೊಟೊಟೈಪ್‌ನಲ್ಲಿ ಎರಡೂ ಪಿಕಪ್ ಒಟ್ಟಿಗೆ ಹಾಕಿದ್ರೆ ತೆಳ್ಳಗೆ, ಮೂಗಿನಲ್ಲಿ ಹಾಡಿದ ಹಾಗೆ ಕೇಳ್ತಿತ್ತು. ಎರಡರ ಅಲೆ ಒಂದಕ್ಕೊಂದು ಉಲ್ಟಾ, ಅದಕ್ಕೇ ಫೇಸ್ ತಪ್ಪಿದ್ದು ಅಂತಾರೆ. ನನಗೆ ಪ್ರಾಣ ಆ ನಾದ. ಸ್ವಿಚ್ ಸರಿ ಮಾಡೋಕೆ ಅಂತ ಕೊಟ್ರೆ, ರಿಪೇರಿಯವರು ಕೇಳದೇನೇ ಆಯಸ್ಕಾಂತ ತಿರುಗಿಸಿ, "ಫೇಸ್ ತಪ್ಪಿತ್ತು, ಸರಿ ಮಾಡಿದೀವಿ" ಅಂತ ಅದಕ್ಕೂ ಬಿಲ್ ಹಾಕಿದ್ರು. ಫ್ಲೀಟ್‌ವುಡ್ ಮ್ಯಾಕ್ ಬ್ಯಾಂಡಿನ ಪೀಟರ್ ಗ್ರೀನ್ ಅವರ 1959ರ ಗಿಬ್ಸನ್ ಲೆಸ್ ಪಾಲ್ ಗಿಟಾರ್‌ನಲ್ಲಿ ಇದ್ದದ್ದೂ ತಿರುಗಿದ ಆಯಸ್ಕಾಂತವೇ. ಅದು ಗಿಟಾರ್ ವಾದಕ ಗ್ಯಾರಿ ಮೂರ್ ಕೈಗೆ ಹೋಯ್ತು, ಈಗ ಮೆಟಾಲಿಕಾ ಬ್ಯಾಂಡಿನ ಕರ್ಕ್ ಹ್ಯಾಮೆಟ್ ಹತ್ರ ಇದೆ, ಯಾರೂ ಅದನ್ನ "ಸರಿ" ಮಾಡಿಲ್ಲ. ಬೇರೆಯವರ ಹತ್ರ ಮತ್ತೆ ಉಲ್ಟಾ ಮಾಡಿಸಿಕೊಂಡ್ರೂ ನನಗೆ ಆ ನಾದ ಮೊದಲಿನ ಹಾಗೆ ಬರಲಿಲ್ಲ. ಆಮೇಲೆ ಮಾರಿದೆ.

ಗಟ್ಟಿ ಕಟ್ಟಿಗಿ
ಕಟ್ಟಿಗಿ ಲೆಕ್ಕಕ್ಕಿಲ್ಲ ಅಂದ್ರ ಲೂಥಿಯರ್ ಪ್ರೊಟೊಟೈಪ್ ಯಾಕ ಮಾಡ್ತಾರ? ಪ್ಲೈವುಡ್ಡಿಗೆ ಪಿಕಪ್ ಹೊಡದು ಕೊಡ್ತಿದ್ರಲ್ಲ.

ಬೆಸುಗೆ
ತೂಕ, ಬ್ಯಾಲೆನ್ಸ್, ನೆಕ್ ಕೋನ, ಕೈ ಕೂರೋ ಜಾಗ. ಅದಕ್ಕೆ ಮಾಡ್ತಾರೆ. ಸಿಕ್ಕ ಹಳೇ ಕಟ್ಟಿಗೆಯಲ್ಲೂ ನಾದ ಬಂತಲ್ಲ, ನೀವು ಬೆಂಕಿಗೂಡಿನ ಕಟ್ಟಿಗೆ ಉದಾಹರಣೆ ಕೊಟ್ಟು ನನ್ನ ಮಾತನ್ನೇ ಸಾಬೀತು ಮಾಡಿದ್ರಿ.

ಕಪ್ಪು ಕೇಸ್
ಇಬ್ರೂ ಸ್ವಲ್ಪ ನಿಲ್ಲಿಸಿ. ನಾದದ ಜಗಳಕ್ಕಿಂತ ಕಾಗದ ದೊಡ್ಡದು. ನನ್ನದಕ್ಕೆ ಬ್ರೆಜಿಲ್ ರೋಸ್‌ವುಡ್ ಫ್ರೆಟ್‌ಬೋರ್ಡ್. ಹೊರದೇಶದವರು ಒಳ್ಳೆ ಬೆಲೆಗೆ ಒಪ್ಪಿದ್ರು, ಹಾರ್ಡ್ ಕೇಸ್ ತಂದೆ, ಹೆಡ್‌ಸ್ಟಾಕ್ ಕೆಳಗೆ ಸ್ಪಂಜ್ ಕೊಟ್ಟೆ, ಪೆಟ್ಟಿಗೆ ಬೇರೆ ಮಾಡಿಸಿದೆ. ಆ ಮರ 1992ರಿಂದ ಸೈಟ್ಸ್ ಅನ್ನೋ, ಅಪಾಯದಲ್ಲಿರೋ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ಪರವಾನಗಿ ಇಲ್ಲದೆ ಗಡಿ ದಾಟೋ ಹಾಗಿಲ್ಲ. 2017ರಲ್ಲಿ ಉಳಿದ ರೋಸ್‌ವುಡ್‌ಗಳನ್ನೂ ಎರಡನೇ ಪಟ್ಟಿಗೆ ಸೇರಿಸಿ, ಪೂರ್ತಿ ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಕೊಟ್ರು. ಬ್ರೆಜಿಲ್ ಮರಕ್ಕೆ ಆ ವಿನಾಯಿತಿ ಇಲ್ಲ. ಪರವಾನಗಿ ಕೊಡೋರು ಮರ ಯಾವಾಗ ಕಡಿದದ್ದು ಅಂತ ಪುರಾವೆ ಕೇಳಿದ್ರು. ಪ್ರೊಟೊಟೈಪ್‌ಗೆ ರಸೀದಿ ಎಲ್ಲಿಂದ ತರೋದು? ವ್ಯಾಪಾರ ಮುರಿದುಬಿತ್ತು. ಪ್ಯಾಕಿಂಗ್ ದುಡ್ಡು ಹೋಯ್ತು, ಪೆಟ್ಟಿಗೆ ಇನ್ನೂ ಅಟ್ಟದ ಮೇಲಿದೆ.

ಹಳೇ ಫ್ರೆಟ್
ಬ್ರೆಜಿಲ್ ಮರ ಅಂತ ಗೊತ್ತಿದ್ದೂ ಹೊರದೇಶಕ್ಕೆ ಒಪ್ಪಿದ್ರಾ?

ಕಪ್ಪು ಕೇಸ್
ಮಾಡಿದವರು ಬರೀ "ರೋಸ್‌ವುಡ್" ಅಂದಿದ್ರು ಸ್ವಾಮಿ. ಕಡಿಮೆ ಬೆಲೆಗೆ ಮಾರಿ ಕೊರೆಸಿಕೊಂಡವರು ನನಗೆ ಪಾಠ ಹೇಳೋದು ಬೇಡ.

ಹಳೇ ಫ್ರೆಟ್
ಕಡಿಮೆ ಬೆಲೆ ಅಂತ ಎಲ್ಲಿ ಹೇಳಿದೆ? ಸರಿಯಾಗಿ ಓದಿ.

ಆರನೇ ತಂತಿ
ನನ್ನದು ಮೇಪಲ್, ರೋಸ್‌ವುಡ್ ಇಲ್ಲ. ಪಿಕಪ್ ವಿಷಯ ಯಾರಾದ್ರೂ ಹೇಳ್ತೀರಾ?

ಬೆಸುಗೆ
ಹಳೇ ಪಿಕಪ್ ವೈರ್ ಬಟ್ಟೆ ಸುತ್ತಿದ್ದಾ ನೋಡಿ. ಹಾಗಿದ್ರೆ ಮತ್ತೆ ಮತ್ತೆ ಬೆಸುಗೆ ಹಾಕೋ ಹೊತ್ತಿಗೆ ತುದಿ ಚಿಕ್ಕದಾಗ್ತಾ ಹೋಗುತ್ತೆ, ಸುಮ್ಮನೆ ಮುಟ್ಟಬೇಡಿ. ಈಗಿರೋದನ್ನೇ ಬಿಟ್ಟು, ಹಳೇದನ್ನ ಸ್ಕ್ರೂ, ಸ್ಪ್ರಿಂಗ್ ಸಮೇತ ಕೇಸಿನೊಳಗೆ ಕೊಡಿ. ಪೆನ್ಸಿಲ್ ಬರಹದ ಫೋಟೊ ತೆಗೆದು, ಅದು ತಮ್ಮದೇ ಅಂತ ಮಾಡಿದವರಿಂದ ಎರಡು ಸಾಲು ಬರೆಸಿಕೊಳ್ಳಿ. ಅವರನ್ನ ಮೊದಲು ಕೇಳೋಕೆ ಅದೇ ಸಾಕು.

ಗಟ್ಟಿ ಕಟ್ಟಿಗಿ
ಮಾರಬ್ಯಾಡ್ರಿ. ಭುಜ ನೋವಿದ್ರ ಕುಂತು ನುಡಸ್ರಿ.