ರವಿವಾರದ ಲಾಂಗ್ ರನ್ನಿಗೆ ರೊಟ್ಟಿ ಬಿಡಬೇಕೇನ್ರಿ? ಡಯಟಿಷಿಯನ್ ಮೇಡಂ ಜೊತಿ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ್ರೀ ಮೇಡಂ. ರವಿವಾರ ನಸುಕಿನ್ಯಾಗ ಸೇಡಂ ರೋಡಿಗೆ 24 ಕಿ.ಮೀ. ಓಡ್ತೀನಿ. ಹಿಂದಿನ ರಾತ್ರಿ ಎರಡು ರೊಟ್ಟಿ, ಪುಂಡಿಪಲ್ಯ. ಮುಂಜಾನೆ ಬರೇ ಚಹಾ. 17ನೇ ಕಿಲೋಮೀಟರಿಗೆ ಕಾಲು ಏಳಂಗಿಲ್ಲ, ಹೊಟ್ಟಿನೂ ಗುಡುಗುಡು ಅಂತದ. ತೂಕ 60 ಕೆ.ಜಿ. ರೊಟ್ಟಿ ಬಿಡಬೇಕೇನು?

ಉತ್ತರ: ಬಿಡಬ್ಯಾಡ್ರಿ, ಹೊತ್ತು ಬದಲಿಸ್ರಿ. ಇಲ್ಲಿ ಎರಡು ತೊಂದರಿ ಅವ.

ಕಾಲು ಸೋಲೋದು ಕಾರ್ಬೋಹೈಡ್ರೇಟ್ ಸಾಲದೆ. ಲಾಂಗ್ ರನ್ನಿನ ಹಿಂದಿನ ದಿನ ಕೆ.ಜಿ. ತೂಕಕ್ಕ ಸುಮಾರು 6 ಗ್ರಾಂ, ಅಂದ್ರ ನಿಮಗ ದಿನಕ್ಕ 360 ಗ್ರಾಂ ಬೇಕು. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಯೊಳಗ ಇರೋದು ಸುಮಾರು 35 ಗ್ರಾಂ. ಮ್ಯಾಲೆ, ರಾತ್ರಿ ಮಲಗಿದಾಗ ಯಕೃತ್ತಿನ ಗ್ಲೈಕೋಜನ್ (ಕೂಡಿಟ್ಟ ಸಕ್ಕರಿ) ಕರಗ್ತದ. ಚಹಾದಿಂದ ಅದು ತುಂಬಂಗಿಲ್ಲ.

ಹೊಟ್ಟಿ ಕೆಡೋದು ನಾರಿನಿಂದ. ಎರಡು ರೊಟ್ಟಿಗೇ ಸುಮಾರು 10 ಗ್ರಾಂ ನಾರು, ಪಲ್ಯದ್ದು ಬ್ಯಾರೆ. ಅದು ಕರುಳಿನ್ಯಾಗ ಇದ್ದಾಗಲೇ ಓಡಿದ್ರ ಗುಡುಗುಡು ಅನ್ನಲಾರದೇ ಇರ್ತದೇನು?

ಶನಿವಾರ ಮಧ್ಯಾಹ್ನಕ್ಕ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಎಲ್ಲಾ ಉಣ್ರಿ. ರಾತ್ರಿ 8ರೊಳಗ 150 ಗ್ರಾಂ ಅಕ್ಕಿಯ ಅನ್ನ, ತಿಳಿ ತೊಗರಿಬೇಳೆ, ಮೊಸರು. ಖಾರ, ಎಣ್ಣಿ ಕಡಿಮಿ. ಓಟಕ್ಕ ಒಂದು ತಾಸು ಮೊದಲು ಎರಡು ಬಾಳೆಹಣ್ಣು, 10 ಗ್ರಾಂ ಬೆಲ್ಲ: ಕಾರ್ಬೋಹೈಡ್ರೇಟ್ 60 ಗ್ರಾಂ ಹತ್ರ ಆಯ್ತು. ಸುಸ್ಲಾ ಆಗ ಬ್ಯಾಡ. ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ ಓಟದಾಗ ಎದಿ ಉರಸ್ತಾವ. ವಾಪಸ್ ಬಂದ ಮ್ಯಾಲೆ ತಿನ್ರಿ.

ಓಟದ ನಡುವ ತಾಸಿಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಐದು ಸಣ್ಣ ಖರ್ಜೂರ ಅಂದ್ರ 30 ಗ್ರಾಂ ಆಸುಪಾಸು. 40ನೇ ನಿಮಿಷಕ್ಕೇ ಶುರು ಮಾಡ್ರಿ. ದಣದ ಮ್ಯಾಲೆ ತಿಂದ್ರ ಅದು ರಕ್ತಕ್ಕ ಸೇರೋದ್ರಾಗ ಎರಡು ಮೂರು ಕಿ.ಮೀ. ಕಳದಿರ್ತದ. ಜೆಲ್ (ಓಟಗಾರರ ಸಿಹಿ ಪೇಸ್ಟಿನ ಪಾಕೀಟು) ತಗೊಂಡ್ರ ಜೊತಿಗೆ ನೀರು ಬೇಕೇ ಬೇಕು. ರೇಸಿನ ದಿನ ಮೊದಲ ಸಲ ಯಾವುದನ್ನೂ ಬಾಯಿಗೆ ಹಾಕಬ್ಯಾಡ್ರಿ.

ಪ್ರಶ್ನೆ: ಏಪ್ರಿಲ್ ಬಿಸಿಲಿಗೆ ಎಷ್ಟು ನೀರು ಕುಡೀಬೇಕ್ರಿ? ಓಆರ್‌ಎಸ್ ಕುಡದ್ರ ಬೆಲ್ಲ, ಖರ್ಜೂರ ಬೇಕಾಗಂಗಿಲ್ಲಲ್ಲ?

ಉತ್ತರ: ಬೇಕ್ರಿ. ಲೀಟರ್ ಓಆರ್‌ಎಸ್‌ನ್ಯಾಗ ಗ್ಲೂಕೋಸ್ ಇರೋದು 13.5 ಗ್ರಾಂ, ಉಪ್ಪು 2.6 ಗ್ರಾಂ. ಉಪ್ಪು ಸಿಗ್ತದ, ಶಕ್ತಿ ಸಾಲಂಗಿಲ್ಲ. ಲೀಟರ್ ಪಾಕೀಟನ್ನ ಸಣ್ಣ ಬಾಟಲಿಗೆ ಸುರಿಯೋದಂತೂ ತಪ್ಪೇ. ಗಟ್ಟಿಯಾದ್ರ ವಾಂತಿ, ಭೇದಿ.

ನೀರಿನ ಲೆಕ್ಕ ತಕ್ಕಡಿಯಿಂದ ತಿಳಕೊಳ್ರಿ. ಓಡೋ ಮೊದಲು, ಓಡಿ ಬೆವರು ಒರಸಿ, ಕಡಿಮಿ ಬಟ್ಟಿಯೊಳಗ ತೂಕ ನೋಡ್ರಿ. ಇಳದದ್ದು 1 ಕೆ.ಜಿ. ಅಂದ್ರ ಒಂದು ಲೀಟರ್ ನೀರು. ನಡುವ ಕುಡದದ್ದನ್ನ ಅದಕ್ಕ ಕೂಡಿಸಿದ್ರ ಬೆವರು ಎಷ್ಟು ಹೋಯ್ತು ಗೊತ್ತಾಗ್ತದ. ತೂಕ ಹೆಚ್ಚಾಗಿದ್ರ ನೀರು ಅತಿಯಾಗಿ ಸೋಡಿಯಂ ಇಳದಿರಬಹುದು. ತಲಿನೋವು, ವಾಂತಿ, ಗೊಂದಲ ಕಂಡ್ರ ಮತ್ತ ನೀರು ಕುಡಿಸಬ್ಯಾಡ್ರಿ, ಸೀದಾ ದವಾಖಾನಿಗೆ ಒಯ್ರಿ.

ಪ್ರಶ್ನೆ: ಅಕ್ಕಾವ್ರೇ, ಓಡಿ ಬಂದು ಚಹಾ ಕುಡದು ಡ್ಯೂಟಿಗೆ ಹೋಗ್ತೀನಿ, ಊಟ ಮಧ್ಯಾಹ್ನ ಎರಡಕ್ಕ. ತೂಕ ಇಳೀತು ಅಂತ ಖುಷಿ ಇತ್ತು, ಆದ್ರ ಮೂರು ತಿಂಗಳಿಂದ ಮುಟ್ಟು ಆಗಿಲ್ಲ.

ಉತ್ತರ: ಈ ವಾರಾನೇ ಸ್ತ್ರೀರೋಗ ತಜ್ಞರನ್ನ ಕಾಣ್ರಿ ತಂಗಿ. ಗರ್ಭ, ಥೈರಾಯ್ಡ್ ಮೊದಲು ನೋಡ್ತಾರ. ಅವೆರಡೂ ಇಲ್ಲಂದ್ರ, ಓಟಕ್ಕ ತಕ್ಕಷ್ಟು ಊಟ ಇಲ್ಲದ್ದು ಕಾರಣ ಇರಬಹುದು. ಶಕ್ತಿ ಕಡಿಮಿ ಬಿದ್ರ ಈಸ್ಟ್ರೋಜನ್ ಹಾರ್ಮೋನ್ ಇಳೀತದ, ಎಲುಬು ಬಿರುಕು ಬಿಡ್ತಾವ. ಅಲ್ಲೀತನಕ ಓಟ ಕಡಿಮಿ ಮಾಡ್ರಿ.

ಓಡಿ ಬಂದ ಒಂದು ತಾಸಿನೊಳಗ ಒಂದು ತಾಟು ಸುಸ್ಲಾ, ಎರಡು ತತ್ತಿ, ಒಂದು ಲೋಟ ಹಾಲು: ಪ್ರೋಟೀನ್ 20 ಗ್ರಾಂ ಹತ್ರ ಆಗ್ತದ. ತತ್ತಿ ತಿನ್ನದಿದ್ರ ಗಟ್ಟಿ ತೊಗರಿಬೇಳೆ ಒಂದು ಬಟ್ಟಲು, ಮೊಸರು. ಚಹಾ ತಿಂಡಿಗೆ ಒಂದು ತಾಸು ದೂರ ಇಡ್ರಿ, ಕಬ್ಬಿಣಾಂಶ ಹೀರೋದನ್ನ ತಡೀತದ. ಹಿಮೋಗ್ಲೋಬಿನ್ ಜೊತಿ ಫೆರಿಟಿನ್ನೂ (ಮೈಯಾಗ ಕೂಡಿಟ್ಟ ಕಬ್ಬಿಣದ ಲೆಕ್ಕ) ತಪಾಸಣಿ ಮಾಡಿಸ್ರಿ. ರಿಪೋರ್ಟ್ ಬರೋತನಕ ಕಬ್ಬಿಣದ ಗುಳಗಿ ಸ್ವಂತ ಶುರು ಮಾಡಬ್ಯಾಡ್ರಿ.

ಪ್ರಶ್ನೆ: ಶುಗರ್ ಇದ್ದವರಿಗೂ ಇದೇ ಬೆಲ್ಲ, ಖರ್ಜೂರದ ಲೆಕ್ಕಾನೇನ್ರಿ?

ಉತ್ತರ: ಅಲ್ಲ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಅನ್ನೋ ಶುಗರ್ ಗುಳಗಿ ತಗೊಳ್ಳೋರಿಗೆ ಓಟದಾಗ ಶುಗರ್ ಇಳಿಯೋ ಭಯ ಅದ. ಡೋಸು, ತಿನ್ನೋ ಪ್ರಮಾಣ ಎರಡನ್ನೂ ನಿಮ್ಮ ಡಾಕ್ಟರ್ ಕೂಡ ಕುಂತು ಗೊತ್ತು ಮಾಡ್ಕೊಳ್ರಿ, ಕಿಸೆದಾಗ ಗ್ಲೂಕೋಸ್ ಇಟ್ಕೊಳ್ರಿ.