ಲಾಗ್ ಸಮೀಕರಣ: ನನಗೆ ಎರಡು ಮೂಲ ಬರುತ್ತಿವೆ, ಪುಸ್ತಕದಲ್ಲಿ ಒಂದೇ ಇದೆ

ಪ್ರಶ್ನೆ: ಲಾಗ್₂ ಕ್ಷ + ಲಾಗ್₂(ಕ್ಷ − 2) = 3 ಬಿಡಿಸಬೇಕು. ಎಡಗಡೆಯದನ್ನು ಸೇರಿಸಿ ಲಾಗ್₂[ಕ್ಷ(ಕ್ಷ − 2)] = 3 ಎಂದು ಬರೆದೆ. ಕ್ಷ(ಕ್ಷ − 2) = 2³, ಅಂದರೆ ಕ್ಷ² − 2ಕ್ಷ − 8 = 0. ಕ್ಷ = 4 ಅಥವಾ −2. ಉತ್ತರದಲ್ಲಿ 4 ಮಾತ್ರ ಇದೆ. ಋಣ ಸಂಖ್ಯೆ ಬಂದರೆ ಬಿಟ್ಟುಬಿಡಬೇಕಾ ಸರ್?

ಉತ್ತರ: ವರ್ಗಸಮೀಕರಣ ಸರಿಯಾಗಿಯೇ ಇದೆ. ಹೆಚ್ಚುವರಿ ಮೂಲ ನುಸುಳಿದ್ದು ಎರಡು ಲಾಗ್‌ಗಳನ್ನು ಒಂದು ಮಾಡಿದ ಸಾಲಿನಲ್ಲಿ. ಕೊಟ್ಟ ಸಮೀಕರಣಕ್ಕೆ ಕ್ಷ ಮತ್ತು ಕ್ಷ − 2 ಎರಡೂ ಧನವಾಗಿರಬೇಕು, ಅಂದರೆ ಕ್ಷ > 2. ಸೇರಿಸಿದ ಮೇಲೆ ಗುಣಲಬ್ಧ ಧನವಾದರೆ ಸಾಕು. −2 ಹಾಕಿ: (−2) × (−4) = 8. ಋಣ ಋಣ ಸೇರಿ ಧನವಾಯಿತು, ಆದರೆ ಲಾಗ್₂(−2) ವಾಸ್ತವ ಸಂಖ್ಯೆಗಳಲ್ಲಿ ಇಲ್ಲವೇ ಇಲ್ಲ.

ಹಾಗಂತ ‘ಋಣ ಬಂದರೆ ಬಿಡು’ ಎಂದು ಬಾಯಿಪಾಠ ಮಾಡಬೇಡಿ. ಲಾಗ್₂(3 − ಕ್ಷ) + ಲಾಗ್₂(1 − ಕ್ಷ) = 3 ತೆಗೆದುಕೊಳ್ಳಿ. ಕ್ಷ² − 4ಕ್ಷ − 5 = 0, ಮೂಲಗಳು 5 ಮತ್ತು −1. −1 ಹಾಕಿದರೆ ಲಾಗ್₂ 4 + ಲಾಗ್₂ 2 = 2 + 1 = 3, ತಾಳೆಯಾಯಿತು. 5 ಹಾಕಿದರೆ ಆವರಣದಲ್ಲಿ −2, −4. ಇಲ್ಲಿ ಬಿಡಬೇಕಾದದ್ದು ಧನ ಮೂಲ! ಕ್ಷ ಏನೇ ಇರಲಿ, ಲಾಗ್‌ನ ಒಳಗಡೆ ಏನಾಗುತ್ತದೆ ಎಂದು ನೋಡಿ. ತಾಳೆ ನೋಡುವುದೂ ಕೊಟ್ಟ ಸಮೀಕರಣದಲ್ಲೇ ಆಗಬೇಕು, ನಡುವಿನ ಸಾಲಿನಲ್ಲಿ ಹಾಕಿದರೆ ತಪ್ಪು ಮೂಲವೂ ಪಾಸಾಗುತ್ತದೆ.

ಮರುಪ್ರಶ್ನೆ: ಲಾಗ್₃(ಕ್ಷ²) = 4ಕ್ಕೆ ನನಗೆ 9 ಮಾತ್ರ ಬಂತು, ಪುಸ್ತಕದಲ್ಲಿ ±9. ಈಗ ಉಲ್ಟಾ ಆಯ್ತಲ್ಲ?

ಉತ್ತರ: 2 ಲಾಗ್₃ ಕ್ಷ = 4 ಎಂದು ಘಾತವನ್ನು ಮುಂದೆ ತಂದಿರಬೇಕು. ಕ್ಷ ಧನವೆಂದು ಗೊತ್ತಿದ್ದರೆ ಮಾತ್ರ ಹಾಗೆ ತರಬಹುದು; ಇಲ್ಲದಿದ್ದರೆ 2 ಲಾಗ್₃|ಕ್ಷ| ಎಂದು ಬರೆಯಬೇಕು. ಇಲ್ಲಿ ಅದೂ ಬೇಡ, ನೇರವಾಗಿ ಕ್ಷ² = 3⁴ = 81 ಮಾಡಿ. ಸೇರಿಸುವಾಗ ಮೂಲ ಹೆಚ್ಚಬಹುದು, ಹೀಗೆ ಘಾತವನ್ನು ಮುಂದೆ ತರುವಾಗ ಕಳೆದುಹೋಗಬಹುದು. ಕಳೆದದ್ದು ತಾಳೆ ನೋಡಿದರೂ ಸಿಗುವುದಿಲ್ಲ, ಅದೇ ಹೆಚ್ಚು ಅಪಾಯ.

ಇನ್ನೊಬ್ಬರು: ಮೂಲ ಕಳೆಯುವ ಇನ್ನೊಂದು ಜಾಗ: (ಲಾಗ್₁₀ ಕ್ಷ)² = 2 ಲಾಗ್₁₀ ಕ್ಷ. ಎರಡೂ ಕಡೆ ಲಾಗ್₁₀ ಕ್ಷದಿಂದ ಭಾಗಿಸಿದರೆ 100 ಮಾತ್ರ ಉಳಿಯುತ್ತದೆ. ಲಾಗ್₁₀ ಕ್ಷ = ತ ಎಂದಿಟ್ಟು ತ(ತ − 2) = 0 ಮಾಡಿ, 1 ಕೂಡ ಸಿಗುತ್ತದೆ.